ಕ್ಯಾರೆಟ್ ಮೊಲದ ಪಜೀತಿ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬಟ್ಟೆ ಬಿಗಿಯಾದರೆ ಸಡಿಲಿಸಿ, ಸಡಿಲಾದರೆ ಹಿಡಿದು ಕೊಡುವ ಪುಟ್ಟ ಅಂಗಡಿಯೊಂದಿತ್ತು. ಅಲ್ಲಿ ಹೊಲಿಯುವವಳಿಗೆ ಗಿರಾಕಿಯನ್ನು ಒಮ್ಮೆ ನೋಡಿದರೆ ಸಾಕು, ಅಳತೆ ತಿಳಿದುಬಿಡುತ್ತಿತ್ತು. ತಾಯ್ತನದಲ್ಲಿ ಮಾತ್ರ ಅವಳ ಅಂದಾಜು ಒಂದು ದಿನವೂ ಸರಿಬರಲಿಲ್ಲ. ಮಗಳಿಗೆ ಒಂದೂವರೆ ವರ್ಷವಾಗುವ ಹೊತ್ತಿಗೆ, ಅಮ್ಮಂದಿರ ಪರೀಕ್ಷೆಯಲ್ಲಿ ತಾನು ಎಲ್ಲ ವಿಷಯಕ್ಕೂ ಡುಮ್ಕಿ ಹೊಡೆದವಳೆಂದು ಅವಳೇ ತೀರ್ಮಾನಿಸಿಕೊಂಡಿದ್ದಳು.

ಆ ಪರೀಕ್ಷೆ ನಡೆಯುತ್ತಿದ್ದದ್ದು ಫೋನಿನಲ್ಲಿ. ಬಡಾವಣೆಯ ಎಳೆಮಕ್ಕಳ ತಾಯಂದಿರ ಗುಂಪು ಅದು. ಹಲ್ಲಿನ ಡಾಕ್ಟರಮ್ಮ ಅದರ ಯಜಮಾನಿ. ಒಬ್ಬಳ ಮಗ ಹತ್ತು ತಿಂಗಳಿಗೇ ಬಣ್ಣ ಗುರುತಿಸುತ್ತಿದ್ದ, ಇನ್ನೊಬ್ಬಳ ಮಗಳು ಸಕ್ಕರೆಯ ಮುಖವನ್ನೇ ಕಂಡಿರಲಿಲ್ಲ. ಮಗುವಿಗೆ ಫೋನ್ ತೋರಿಸುವುದಂತೂ ಮಹಾಪಾಪ. ಹೊಲಿಗೆಯವಳು ಇದನ್ನೆಲ್ಲ ಕಣ್ಣರಳಿಸಿ ಓದುತ್ತಿದ್ದಳು, ಮಗಳು ಕಾರ್ಟೂನ್ ಬೇಕೆಂದು ಫೋನ್ ಕಿತ್ತುಕೊಳ್ಳುವವರೆಗೆ.

"ನನ್ನ ಮಗನಿಗೆ ಬಣ್ಣ ಗೊತ್ತಾಗಿದ್ದು ಸ್ಕೂಲಿಗೆ ಹೋದ್ಮೇಲೆ," ಎನ್ನುತ್ತಿದ್ದರು ಅತ್ತೆ. "ಈಗ್ಲೂ ನೀಲಿ ದಾರ ತಾ ಅಂದ್ರೆ ಹಸಿರು ತರ್ತಾನೆ. ನಿನ್ನ ಸಂಸಾರ ನಡೀತಿಲ್ವಾ?"

ಸೊಸೆಗೆ ಸಮಾಧಾನವಾಗಲಿಲ್ಲ. ಒಂದು ಭಾನುವಾರ ದಾರ ಕತ್ತರಿಸುವ ಚಿಕ್ಕ ಕತ್ತರಿಯನ್ನು ತೊಳೆದುಕೊಂಡು ಕೂತು, ಬೇಯಿಸಿದ ಕ್ಯಾರೆಟ್ಟಿನಲ್ಲಿ ಮೊಲ, ಸೌತೆಕಾಯಿಯಲ್ಲಿ ಆಮೆ ಮಾಡಿ ತಟ್ಟೆಗೆ ಜೋಡಿಸಿ ಫೋಟೊ ಹಾಕಿದಳು. ಮಗಳು ಮೊಲವನ್ನು ಎಸೆದು, ಆಮೆಯ ಮೇಲೆ ಕೂತು, ಬಿಸ್ಕತ್ತು ತಿಂದಳು. ಆ ಫೋಟೊ ಹಾಕಲಿಲ್ಲ. 'ಫೋನ್ ತೋರಿಸದೆ ಬರೀ ಕಥೆ ಹೇಳಿ ಉಣಿಸಿದೆ' ಎಂದು ಸತ್ಯದ ತಲೆ ಮೇಲೆ ಹೊಡೆದಂತೆ ಬರೆದಳು.

ಹೊಗಳಿಕೆ ಹರಿದುಬಂತು. 'ಶನಿವಾರ ಎಲ್ರೂ ನಿಮ್ಮನೆಗೆ ಬರ್ತೀವಿ. ಹೇಗೆ ಊಟ ಮಾಡಿಸ್ತೀರಿ ಅಂತ ತೋರಿಸಿ' ಎಂದು ಡಾಕ್ಟರಮ್ಮ ಬರೆದರು. ಇವಳು ಉಬ್ಬಿ ಪೂರಿಯಾಗಿದ್ದಳು. ಬೇಡ ಎನ್ನಲು ಬೆರಳೇ ಏಳಲಿಲ್ಲ.

ಶನಿವಾರ ಮಧ್ಯಾಹ್ನ ಟಿವಿಯ ಮೇಲೆ ಹೊದಿಕೆ ಬಿತ್ತು, ಬಿಸ್ಕತ್ತಿನ ಡಬ್ಬ ಬೀರು ಸೇರಿತು, ತಟ್ಟೆಯಲ್ಲಿ ಮತ್ತೆ ಮೊಲ, ಆಮೆಗಳು ಕೂತವು. "ನೀವೇನೂ ಬಾಯಿ ಬಿಡ್ಬೇಡಿ ಅತ್ತೆ," ಎಂದು ಬೇಡಿಕೊಂಡದ್ದೂ ಆಯಿತು. ಆರು ಜನ ಬಂದು ಸುತ್ತ ಕೂತರು. ಹೊಲಿಗೆಯವಳು ತುತ್ತು ಹಿಡಿದು, ತನಗೇ ಗುರುತು ಸಿಗದ ಜೇನಿನಂಥ ದನಿಯಲ್ಲಿ ಶುರುಮಾಡಿದಳು: "ಒಂದೂರಲ್ಲಿ ಒಂದು ಮೊಲ ಇತ್ತಂತೆ..."

ಮಗಳು ಅಮ್ಮನ ಮುಖವನ್ನು ಒಂದು ಕ್ಷಣ ದಿಟ್ಟಿಸಿದಳು. ಆಮೇಲೆ ತೋರುಬೆರಳೆತ್ತಿ ಅಮ್ಮನ ಕೆನ್ನೆಯನ್ನು ಎಡಕ್ಕೆ ಸವರಿದಳು. ಅಮ್ಮ ಬದಲಾಗಲಿಲ್ಲ. ಇನ್ನೊಮ್ಮೆ ಸವರಿದಳು. ಕೊನೆಗೆ ಮೂಗನ್ನು ಒತ್ತಿ, "ಕಿಪ್!" ಎಂದಳು.

"ಏನಂತಿದಾಳೆ?" ಎಂದರು ಡಾಕ್ಟರಮ್ಮ.

ಹೊಸ ಸುಳ್ಳೊಂದು ನಾಲಗೆಯ ತುದಿಗೆ ಬಂದಿತ್ತು. ಆದರೆ ಬಾಗಿಲ ಬಳಿ ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು.

"ಸ್ಕಿಪ್ ಅಂತಿದಾಳೆ," ಎಂದಳು ಹೊಲಿಗೆಯವಳು. "ಕಾರ್ಟೂನ್ ಮಧ್ಯೆ ಜಾಹೀರಾತು ಬಂದ್ರೆ ಹಾಗೆ ಒತ್ತೋದು. ನಾನೇ ಕಲಿಸಿದ್ದು. ಆವತ್ತು ಫೋಟೊದಲ್ಲಿದ್ದ ಮೊಲಾನೂ ಇವಳು ತಿನ್ಲಿಲ್ಲ, ನಾನೇ ತಿಂದೆ."

ಯಾರೂ ನಗಲಿಲ್ಲ. ಕಾಲು ಗಂಟೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕೆಲಸ ನೆನಪಾಗಿ ಮನೆ ಖಾಲಿಯಾಯಿತು. ಉಳಿದ ಆಮೆಗಳನ್ನೆಲ್ಲ ಅತ್ತೆ ಸೊಸೆ ಉಪ್ಪು ಹಚ್ಚಿಕೊಂಡು ತಿಂದರು. ನಾಲ್ಕು ದಿನ ಅವಳು ಗುಂಪನ್ನು ತೆರೆಯಲೇ ಇಲ್ಲ.

ಎರಡು ವಾರ ಕಳೆದ ಮೇಲೆ ಡಾಕ್ಟರಮ್ಮ ಪ್ಯಾಂಟಿನ ಸೊಂಟ ಸಡಿಲಿಸಿಕೊಳ್ಳಲು ಅಂಗಡಿಗೇ ಬಂದರು. ಇವಳು ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಅಳತೆ ನೋಡುತ್ತಿರುವಾಗ ಮೆಲ್ಲಗೆ ಹೇಳಿದರು: "ನನ್ನ ಮಗ ರಾತ್ರಿಯಿಡೀ ಮಲಗಲ್ಲ ಕಣ್ರೀ. ಪೇಷೆಂಟ್ ಇಲ್ದಾಗ ನಾನು ಅವರ ಕುರ್ಚೀಲೇ ನಿದ್ದೆ ಮಾಡ್ತೀನಿ. ನಿನ್ನೆ ಒಬ್ರು ಬಂದು ನನ್ನನ್ನೇ ಪೇಷೆಂಟ್ ಅಂದ್ಕೊಂಡು ಪಕ್ಕದಲ್ಲಿ ಕಾಯ್ತಾ ಕೂತಿದ್ರು. ಗುಂಪಲ್ಲಿ ಹೇಳ್ಬೇಡಿ."

ತಾನೊಬ್ಬಳೇ ದಡ್ಡಿಯಲ್ಲವೆಂದು ಹೊಲಿಗೆಯವಳಿಗೆ ಎಷ್ಟು ಖುಷಿಯಾಯಿತೆಂದರೆ, ಅದಕ್ಕೆ ತಕ್ಷಣ ನಾಚಿಕೆಯೂ ಆಯಿತು. ಪಿನ್ನು ತೆಗೆದು, "ಗುರುವಾರ ಮಗೂನ ಕರ್ಕೊಂಡು ಮನೆಗೇ ಬನ್ನಿ. ಅತ್ತೆ ನೋಡ್ಕೋತಾರೆ, ನೀವು ಒಂದು ಗಂಟೆ ಮಲಗಿ," ಎಂದಳು.

ಗುರುವಾರ ಡಾಕ್ಟರಮ್ಮ ಒಳಕೋಣೆಯಲ್ಲಿ ಬಾಯಿ ತೆರೆದುಕೊಂಡು ಮೂರು ಗಂಟೆ ಗೊರಕೆ ಹೊಡೆದರು. ಅಷ್ಟು ಹೊತ್ತು ಎರಡು ಮಕ್ಕಳೂ ಹೇಗೆ ಸುಮ್ಮನಿದ್ದವೆಂದು ಅತ್ತೆಯನ್ನು ಯಾರೂ ಕೇಳಲಿಲ್ಲ.