ಮಕ್ಕಳ ಸಿನಿಮಾಕ್ಕೆ ಒಬ್ಬರೇ ಬಂದವರು

ಮಕ್ಕಳ ಸಿನಿಮಾಕ್ಕೆ ಒಬ್ಬರೇ ಬಂದ ಗಂಡಸಿನ ಮೇಲೆ ನಿಮಗೂ ಅನುಮಾನ ಬರುತ್ತೆ ತಾನೆ, ಸ್ನೇಹಿತರೆ? ಇವತ್ತು ಮಧ್ಯಾಹ್ನ ಚಾಮರಾಜನಗರದ ಟಾಕೀಸಿನಲ್ಲಿ ನನಗೆ ಬಂತು. ವಿಡಿಯೋ ಗೇಮ್ ಒಳಗೇ ನಡೆಯುವ ಕಾರ್ಟೂನ್ ಸಿನಿಮಾ ಅದು. ಮಗಳು ಸಾನಿಯಾಳ ಪಕ್ಕದ ಸೀಟಿನಲ್ಲಿ ಐವತ್ತು ದಾಟಿದ ಮೀಸೆಯವರೊಬ್ಬರು ಕೂತಿದ್ದರು. ಜೊತೆಗೆ ಮಗುವಿಲ್ಲ. ಸಾಲದ್ದಕ್ಕೆ, "ಈ ಗೇಮ್ ಆಡಿದ್ದೀಯೇನಮ್ಮಿ?" ಅಂತ ಇವಳನ್ನು ಕೇಳಿದರು. ತಕ್ಷಣ ಸೀಟು ಬದಲಾಯಿಸಿ ನಾನು ಮಧ್ಯೆ ಕೂತೆ.

ಇಂಟರ್ವಲ್‌ನಲ್ಲಿ ಕೇಳಿಯೇಬಿಟ್ಟೆ. "ನಿಮ್ಮ ಮಕ್ಕಳೆಲ್ಲಿ?"

"ನಾನೊಬ್ನೇ ಬಂದಿವ್ನಿ."

"ಮಕ್ಕಳ ಸಿನಿಮಾಕ್ಕೆ ಒಬ್ಬರೇ ಯಾಕೆ?"

ಸುತ್ತಲಿನ ತಾಯಂದಿರೂ ತಿರುಗಿದರು. ಮೀಸೆಯವರು ತಲೆ ತಗ್ಗಿಸಿ ತಮ್ಮ ಮೊಬೈಲ್ ತೋರಿಸಿದರು. ಅದರಲ್ಲೂ ಅದೇ ಗೇಮ್.

"ಹಂಗಳದವ್ನು ಕಣಮ್ಮ, ಬಸ್ ಡ್ರೈವರ್. ಈ ಕರಿ ಕೋಟೆ ದಾಟಕ್ಕೆ ಒಂದು ವರ್ಷದಿಂದ ಆಯ್ತಿಲ್ಲ. ಸಿನಿಮಾದಲ್ಲಾದ್ರೂ ದಾರಿ ತೋರುಸ್ತಾರೇನೋ ಅಂತ ಬಂದೆ. ನೀವು ಕೇಳಿದ್ದು ತಪ್ಪಲ್ಲ ಬುಡಿ, ನನಗೂ ಮಗಳವ್ಳೆ."

ನನಗೆ ನಾಚಿಕೆಯಾಯಿತು. "ತಪ್ಪು ತಿಳ್ಕೋಬೇಡಿ ಅಣ್ಣ" ಅಂದೆ.

ಅಷ್ಟರಲ್ಲಿ ಸಾನಿಯಾ ನನ್ನನ್ನು ದಾಟಿ ಬಗ್ಗಿ, "ಬಾಗಿಲಿಂದ ಹೋಗ್ಬೇಡಿ ಅಂಕಲ್, ಹಿಂದಿರೋ ಬಾವಿಗೆ ಹಾರಿ" ಅಂದಳು. ಅವರು ಹಾರಿದರು. ಕೋಟೆ ದಾಟಿಯೇಬಿಟ್ಟರು. ಮನುಷ್ಯನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಪರೀಕ್ಷೆ ಮುಗಿಯುವ ತನಕ ಮೊಬೈಲ್ ಮುಟ್ಟಲ್ಲ ಅಂತ ನನಗೆ ಮಾತು ಕೊಟ್ಟಿದ್ದವಳು ಈ ಸಾನಿಯಾ.

ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದೆ. "ಬಾವಿ ವಿಷಯ ನಿನಗೆ ಹೇಗೆ ಗೊತ್ತು?"

ಗುಂಡ್ಲುಪೇಟೆ ಬರುವವರೆಗೂ ಅವಳಿಗೆ ಗಾಢ ನಿದ್ದೆ. ಮನೆಗೆ ಬಂದವಳೇ ಮತ್ತೆ ಮಲಗಿದಳು, ಪೋಸ್ಟ್ ಹಾಕುವ ಈ ಹೊತ್ತಿಗೂ ಎಚ್ಚರವಾಗಿಲ್ಲ.