ಅಳದ ಎಂಜಿನ್

ಮಲ್ಲಂದೂರಿನ ಆಚೆ ಸುಬ್ಬಣ್ಣನವರ ಎಸ್ಟೇಟಿನಲ್ಲಿ ಲಿಂಗಪ್ಪ ಎಂಬ ಡ್ರೈವರ್ ಇದ್ದಾನೆ. ಮೂವತ್ತೊಂದು ವರ್ಷದಿಂದ ಅವನು ಓಡಿಸಿದ್ದು ಒಂದೇ ಲಾರಿ, ಹತ್ತಿದ್ದು ಒಂದೇ ಏರು. ಹಳ್ಳದ ಬದಿಯ ಪಲ್ಪರ್ ಮನೆಯಲ್ಲಿ ಸಿಪ್ಪೆ ಕಳಚಿ ತೊಳೆದ ಹಸಿ ಪಾರ್ಚ್‌ಮೆಂಟ್ ಕಾಫಿಯನ್ನು ಒಣಗಿಸಲು ಗುಡ್ಡದ ನೆತ್ತಿಯ ಕಣಕ್ಕೆ ಮುಟ್ಟಿಸಬೇಕು. ಬಿಸಿಲು ಮೊದಲು ಬೀಳುವುದು ಅಲ್ಲೇ. ಮೂಟೆಗಳ ಮೇಲೆ ಕಾಫಿ ಹರಡುವ ಹೆಂಗಸರು ಕೂತಿರುತ್ತಾರೆ. ಕೆಳಗೆಲ್ಲ ಮಂಜು ಹೆಪ್ಪುಗಟ್ಟಿದ ಹಾಲಿನಂತೆ ನಿಂತಿರುತ್ತದೆ. ಅದರೊಳಗಿಂದ ಲಾರಿ ಮೊದಲು ಮೂತಿ, ಆಮೇಲೆ ಮೈ ತೋರಿಸುತ್ತಾ ಮೇಲೇಳುವುದನ್ನು ಕಣದಿಂದ ನೋಡಿದರೆ, ಅರೆನಿದ್ದೆಯಲ್ಲಿ ಕಂಡದ್ದೋ ಏನೋ ಅನ್ನಿಸಬೇಕು.

ಲಿಂಗಪ್ಪ ಗೇರ್ ಬದಲಿಸುತ್ತಿದ್ದುದು ಕಿವಿಯಿಂದ. ದಣಿದಾಗ ಹಳೆಯ ಎಂಜಿನ್ ಕರು ಕಳಕೊಂಡ ಎಮ್ಮೆಯಂತೆ ಅಳುತ್ತಿತ್ತು. ಅತ್ತ ಕೂಡಲೇ ಗೇರ್ ಇಳಿಸುವುದು, ಅಷ್ಟೆ. ಬೇರೆ ವಿದ್ಯೆ ಅವನಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಆ ಎಂಜಿನ್ ಸೀಳುಬಿಟ್ಟು ಸತ್ತಿತು. ಲಾರಿಯನ್ನು ಗುಜರಿಗೆ ಹಾಕುವ ಮಾತು ಬಂತು. ಲಿಂಗಪ್ಪ ಸುಬ್ಬಣ್ಣನವರ ಅಂಗಳದಲ್ಲಿ ಹೋಗಿ ನಿಂತ.

"ಗೌಡ್ರೇ, ಚಾಸಿ ಇನ್ನೂ ಬಂಡೆ ಹಾಗಿದೆ. ಬೇರೆ ಎಂಜಿನ್ ಒಂದು ಕೂರ್ಸಿ ನೋಡಿ."

"ಆಯ್ತು ಮಾರಾಯ. ಆದ್ರೆ ಈ ಸಲದ ಮೊದಲ್ನೇ ಲೋಡು ಕಣ ಮುಟ್ಟಲಿಲ್ಲ ಅಂದ್ರೆ ಅವತ್ತೇ ಗುಜರಿಯವ್ನಿಗೆ ಫೋನು. ಆಮೇಲೆ ನೀನು ಗೇಟ್ ಕಾಯ್ಕೊಂಡಿರು."

ಮೂಡಿಗೆರೆಯ ಮೆಕ್ಯಾನಿಕ್ ಗಿರಿ, ಹಿಂಭಾಗ ಜಜ್ಜಿಹೋದ ಹೊಸ ಲಾರಿಯೊಂದರ ಡೀಸೆಲ್ ಎಂಜಿನ್ ಹುಡುಕಿ ತಂದ. ಹಳೆಯ ಗೇರ್‌ಬಾಕ್ಸಿಗೂ ಹೊಸ ಎಂಜಿನ್ನಿಗೂ ನಡುವೆ ದಪ್ಪ ಉಕ್ಕಿನ ತಟ್ಟೆ ಕಡೆಸಿ ಸಂಬಂಧ ಕುದುರಿಸಿದ. ಬುತ್ತಿ ಡಬ್ಬಿಯಷ್ಟಿದ್ದ ಅದರ ಕಂಪ್ಯೂಟರನ್ನು ಸೀಟಿನಡಿ ಬಿಗಿದ. ಲಿಂಗಪ್ಪ ಆರು ವಾರ ಶೆಡ್ಡಿನ ಬಾಗಿಲಲ್ಲಿ ಕೂತಿದ್ದ, ಹೆರಿಗೆ ಕೋಣೆಯ ಹೊರಗೆ ಕೂತ ಗಂಡನ ಹಾಗೆ.

ಎಂಜಿನ್ ಚಾಲೂ ಆದಾಗ ಅವನ ಮುಖ ಇಳಿಯಿತು. "ಇದೇನೋ ಗಿರಿ, ಉಸಿರೇ ಇಲ್ಲ?"

"ಉಸಿರಿದೆ ಲಿಂಗಪ್ಪಣ್ಣ, ಗೊರಕೆ ಇಲ್ಲ."

ಮೊದಲ ಲೋಡಿನ ದಿನ ಬಂತು. ಗಿರಿ ಪಕ್ಕದಲ್ಲಿ ಕೂತ. ಮೊದಲ ತಿರುವು ದಾಟಿತು. ಲಿಂಗಪ್ಪ ಕಿವಿಗೊಟ್ಟು ಕಾದ. ಇನ್ನೂ ಅತ್ತಿಲ್ಲ, ಇನ್ನೂ ಅತ್ತಿಲ್ಲ ಅನ್ನುವಷ್ಟರಲ್ಲಿ ಎಂಜಿನ್ ಸದ್ದಿಲ್ಲದೆ ಆರಿಹೋಯಿತು. ಲಾರಿ ಎರಡು ಮಾರು ಹಿಂದಕ್ಕೆ ಜಾರಿ ಬ್ರೇಕಿಗೆ ನಿಂತಿತು. ಎರಡನೇ ಸಲವೂ ಅದೇ ಪಾಡು. ಮೇಲೆ ಕಣದಂಚಿನಲ್ಲಿ ಸುಬ್ಬಣ್ಣನವರು ಫೋನಿನಲ್ಲಿ ಗುಜರಿಯವನನ್ನು ಕರೆಯುವುದು ಮಂಜಿನೊಳಗಿಂದ ಕೇಳಿಸಿತು.

"ಇದು ಅಳೋ ಜಾತಿ ಅಲ್ಲಣ್ಣ. ಎಂಜಿನ್ ಸುತ್ತು ಕುಸಿಯೋಕೆ ಮುಂಚೆನೇ ಗೇರ್ ಇಳಿಸ್ಬೇಕು. ಮೀಟರ್ ಮುಳ್ಳು ನೋಡು," ಎಂದ ಗಿರಿ.

"ಮುಳ್ಳು ನೋಡ್ಲೋ, ದಾರಿ ಬದಿ ದರೆ ನೋಡ್ಲೋ ಮಾರಾಯ?"

ಮೂಟೆಗಳ ಮೇಲಿಂದ ಒಂದು ದನಿ ಬಂತು. ಕಾಫಿ ಹರಡುವ ಹೆಂಗಸರಲ್ಲಿ ಹಿರಿಯಳಾದ ಮುತ್ತಮ್ಮನದು. "ಲಿಂಗಪ್ಪ, ಅದು ಎಲ್ಲೆಲ್ಲಿ ಅಳ್ತಿತ್ತು ಅಂತ ಕಣ್ಮುಚ್ಚಿದ್ರೂ ನಂಗೊತ್ತು. ಇಪ್ಪತ್ತು ವರ್ಷ ಅಲ್ಲೆಲ್ಲ ಗಾಡಿ ಜಗ್ಗಿ ನನ್ನ ಸೊಂಟ ಹಿಡ್ದಿದೆ. ಹಲಸಿನ ಮರ, ಕೆಂಚಯ್ಯನ ಬಂಡೆ, ಆಮೇಲೆ ಬಾವಿ ತಿರುವು. ಐದು ಮಾರು ಮುಂಚೆನೇ ನಿನ್ನ ತಲೆ ಮೇಲಿನ ತಗಡು ತಟ್ತೀನಿ, ನೀನು ಗೇರ್ ಹಾಕು."

"ನಿನ್ನ ಮಾತು ಕೇಳಿ ನಾನು ಗಾಡಿ ಓಡಿಸ್ಬೇಕಾ?"

"ಬೇಡಪ್ಪ. ಗೇಟ್ ಕಾಯಿ ಹೋಗು."

ಹೆಂಗಸರು ಕಿಸಕ್ಕೆಂದರು. ಲಿಂಗಪ್ಪ ಕೀಲಿ ತಿರುವಿದ.

ಮಂಜಿನಲ್ಲಿ ದಾರಿ ಎರಡು ಮಾರಿಗಿಂತ ಆಚೆ ಇರಲೇ ಇಲ್ಲ. ತಲೆಯ ಮೇಲೆ ಠಕ್ ಎಂದಿತು, ಗೇರ್ ಇಳಿಸಿದ. ಹಲಸಿನ ಮರ ನೆರಳಂತೆ ಬಂದು ನೆರಳಂತೆ ಹೋಯಿತು. ಮತ್ತೆ ಠಕ್. ಬಂಡೆ ತೇಲಿಹೋಯಿತು. ಚಕ್ರ ನೆಲ ಮುಟ್ಟಿದೆಯೋ ಇಲ್ಲವೋ ತಿಳಿಯದು. ಗುಡ್ಡವೇ ಮೆಲ್ಲಗೆ ಕೆಳಗಿಳಿದು ಅವರಿಗೆ ದಾರಿ ಬಿಡುತ್ತಿದೆ ಅನ್ನಿಸಿತು. ಬಾವಿ ತಿರುವಿನಲ್ಲಿ ಕೊನೆಯ ಠಕ್. ಗಾಜಿನ ತುಂಬ ಬಿಸಿಲು.

ಸುಬ್ಬಣ್ಣನವರು ಇನ್ನೂ ಫೋನು ಹಿಡಿದೇ ಇದ್ದರು. "ಬೇಡಪ್ಪ, ಬರ್ಬೇಡ. ಹತ್ತಿ ಬಂತು," ಎಂದು ಅದರೊಳಗೆ ಹೇಳಿ, ಇತ್ತ ತಿರುಗಿ, "ನೋಡ್ಕೊಂಡು ನಿಂತ್ರೇನು? ಮೂಟೆ ಇಳಿಸಿ, ಬಿಸಿಲು ಹೋಗತ್ತೆ!" ಎಂದು ಗದರಿದರು.

ಈಗ ಲಿಂಗಪ್ಪನಿಗೆ ತಟ್ಟುವವರು ಬೇಕಿಲ್ಲ, ಜಾಗಗಳೇ ಹೇಳುತ್ತವೆ. ಆದರೆ ಸದ್ದು ಹೋದ ಮೇಲೆ ಹಳ್ಳದ ನೀರು ಕೇಳತೊಡಗಿತು, ಕಾಜಾಣ ಕೇಳತೊಡಗಿತು, ಬೆನ್ನ ಹಿಂದಿನ ಹೆಂಗಸರ ಹರಟೆಯೂ ಕೇಳತೊಡಗಿತು. ಒಂದು ಬೆಳಿಗ್ಗೆ ಅವರು ಅವನ ಮೀಸೆಯ ಕಪ್ಪನ್ನು ಕುರಿತು ಬಿಡಿಸಿ ಬಿಡಿಸಿ ಮಾತಾಡುತ್ತಿದ್ದರು. ಲಿಂಗಪ್ಪ ಕಿಟಕಿಯಿಂದ ಕತ್ತು ಹೊರಹಾಕಿ, "ಮುತ್ತಕ್ಕಾ, ಅದು ಬಣ್ಣ ಅಲ್ಲ!" ಎಂದು ಕೂಗಿದ.

ಮೂಟೆಗಳ ಮೇಲಿಂದ ಎದ್ದ ನಗು ಮಂಜಿನೊಳಗೆ ಉರುಳುತ್ತಾ ಕೆಳಗಿನ ಹಳ್ಳದವರೆಗೂ ಹೋಯಿತು.