ಹಗೇವಿನ ಮೇಲಿನ ಕಸ

ಮೊನ್ನೆ ಗಿರಣಿಯಲ್ಲಿ ಯಾರದೋ ಜೋಳದ ಹಿಟ್ಟು ಮುಗ್ಗಲು ವಾಸನೆ ಹೊಡೆಯಿತು. ಎಲ್ಲರೂ ಮೂಗು ಮುಚ್ಚಿಕೊಂಡರು. ನನಗೆ ಗಂಗವ್ವ ನೆನಪಾದಳು. ನಿಮಗೆ ಹೇಳಿಯೇ ಬಿಡುತ್ತೇನೆ, ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿದೆ.

ಎಪ್ಪತ್ತರ ದಶಕದಲ್ಲಿ ನಾನು ಕಾಲುವೆ ತೋಡಲು ಸರಕಾರ ತೆಗೆದುಕೊಳ್ಳುವ ಜಮೀನಿಗೆ ಬೆಲೆ ಕಟ್ಟುವ ಗುಮಾಸ್ತ. ಕೈಯಲ್ಲಿ ಟೇಪು, ಬಗಲಲ್ಲಿ ಛತ್ರಿ, ತಲೆತುಂಬ ಗತ್ತು. ಬಾವಿ, ಬೇವಿನ ಗಿಡ, ಕೊಟ್ಟಿಗೆ ಇದ್ದರೆ ಬೆಲೆ ಕೂಡಿಸಬೇಕು. ಮುರಿದ ಚಕ್ಕಡಿ, ಕಲ್ಲುಮಣ್ಣಿನ ಗುಡ್ಡೆ ಇದ್ದರೆ ‘ಕಸ’ ಎಂದು ಬರೆದು, ಸಾಗಿಸುವ ಖರ್ಚನ್ನು ಮಾಲಕರ ಪರಿಹಾರದಲ್ಲೇ ಮುರಿದುಕೊಳ್ಳಬೇಕು. ಇಷ್ಟೇ ನನ್ನ ವಿದ್ಯೆ.

ಶಲವಡಿ ಕಡೆಯ ಒಂದು ಊರಲ್ಲಿ ಗಂಗವ್ವನ ಹಿತ್ತಲು ಕಾಲುವೆಯ ಪಾಲಿಗೆ ಬಿದ್ದಿತ್ತು. ಗಂಡ ತೀರಿಕೊಂಡ ಮೇಲೆ ಅವಳೇ ಯಜಮಾನಿ. ಹಿತ್ತಲ ನಡುವೆ ಬೂದಿ, ಒಡೆದ ಗಡಿಗೆ, ಸವೆದ ಕುಂಟೆಗಳ ಗುಡ್ಡೆ.

“ಇದೇನ ಯವ್ವಾ?”

“ಏನಿಲ್ರಿ ಸಾಹೇಬ್ರ, ಬರೇ ಕಸಾ ರೀ.”

ಛತ್ರಿಯ ತುದಿಯಿಂದ ಕುಟ್ಟಿದೆ. ಬೂದಿಯ ಕೆಳಗೆ ಕಲ್ಲಿನ ಮುಚ್ಚಳ ಟೊಣ್ ಎಂದಿತು. ಒಕ್ಕಲುತನದ ಮನೆಯಲ್ಲಿ ಹುಟ್ಟಿದವನಿಗೆ ತಿಳಿಯದೇ ಇದ್ದೀತೆ? ಅದು ಹಗೇವು, ನೆಲದೊಳಗೆ ತೋಡಿದ ಜೋಳದ ಕಣಜ. ಆಗ ಲೆವಿಯ ಕಾಲ, ಬೆಳೆದ ಕಾಳಿನಲ್ಲಿ ಸರಕಾರಕ್ಕೆ ಕಡ್ಡಾಯವಾಗಿ ಪಾಲು ಅಳೆಯಬೇಕಿತ್ತು. ಸರಕಾರದವರು ಕಾಳು ಒಯ್ದಾರೆಂದು ಜನ ಹಗೇವಿನ ಬಾಯಿಗೆ ಕಸ ಸುರಿದು ಮರೆಮಾಡುತ್ತಿದ್ದರು. ಗಂಗವ್ವನ ಮುಖ ಬಿಳಿಚಿತು. ನಾನು ದೊಡ್ಡ ದೇವರ ಹಾಗೆ ನಕ್ಕು, “ಕಸಾನ ಬಿಡವ್ವಾ” ಎಂದು ‘ಕಸ’ ಎಂದೇ ಬರೆದೆ. ಉಪಕಾರ ಮಾಡಿದ ಹುಮ್ಮಸ್ಸಿನಲ್ಲಿ ಅವಳು ಕೊಟ್ಟ ಮಜ್ಜಿಗೆಯನ್ನು ಎರಡು ಸಲ ಹಾಕಿಸಿಕೊಂಡು ಕುಡಿದೆ.

ಹಗೇವೆಂದು ಬರೆದಿದ್ದರೆ ಅದಕ್ಕೂ ಬಾವಿಯಂತೆ ಬೆಲೆ ಬರುತ್ತಿತ್ತು, ಅವಳು ಬೇರೆ ಕಡೆ ಹೊಸದು ತೋಡಿಸುತ್ತಿದ್ದಳು. “ಕಾಳು ತಗಿಯವ್ವಾ, ನಾಕ ದಿನಾ ಬಿಟ್ಟ ಬರ್ತೀನಿ” ಎಂದು ಹೋಗಿ, ಆಮೇಲೆ ಬರಿದಾದ ಹಗೇವನ್ನು ಬರೆದುಕೊಂಡಿದ್ದರೆ ಲೆವಿಯ ಹೆದರಿಕೆಯೂ ತಪ್ಪುತ್ತಿತ್ತು. ಅಷ್ಟು ಹೊಳೆಯಲಿಲ್ಲ. ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ!

ಪರಿಹಾರ ಹಂಚಿದ ದಿನ ಗಂಗವ್ವ ನನ್ನ ಮೇಜಿನ ಮುಂದೆ ಬಂದು ನಿಂತಳು. ಹಗೇವಿಗೆ ಬಿಡಿಗಾಸಿಲ್ಲ, ಮೇಲೆ ಕಸದ ಖರ್ಚು ಕಡಿತ. ಬೇರೆ ಹಗೇವಿಲ್ಲದೆ, ಹೊರಗೆ ತೆಗೆದ ಕಾಳನ್ನು ಚೀಲ ಕಟ್ಟಿ ಪಡಸಾಲೆಯಲ್ಲಿ ಇಟ್ಟಿದ್ದಳಂತೆ. ಮಳೆಗೆ ಮುಗ್ಗಿ ಹುಳ ಹತ್ತಿತ್ತು.

“ನಾ ಹೆದರಿ ಸುಳ್ಳ ಹೇಳಿದ್ನಿರಿ. ನಿಮಗ ಖರೇ ಗೊತ್ತಿತ್ತಲ್ರಿ, ನೀವ್ಯಾಕ ಸುಳ್ಳ ಬರದ್ರಿ?”

“ಮ್ಯಾಲಿನವರ ಸಹಿ ಆಗೇತವ್ವಾ, ಈಗೇನೂ ಮಾಡಾಕ ಬರೂದಿಲ್ಲ” ಎಂದೆ. ಅವಳು ಹೆಬ್ಬೆಟ್ಟು ಒತ್ತಿ ಹೋದಳು.

ಮಾಡಲು ಬರುತ್ತಿತ್ತು. ಮರುಪರಿಶೀಲನೆಗೆ ಒಂದು ಅರ್ಜಿ ಬರೆದುಕೊಟ್ಟಿದ್ದರೆ ಸಾಕಿತ್ತು. ಬರೆದರೆ ನನ್ನ ತಪ್ಪು ಸಾಹೇಬರ ಕಣ್ಣಿಗೆ ಬೀಳುತ್ತಿತ್ತು, ಅಷ್ಟೇ. ಅವಳ ಒಳ್ಳೆಯದಕ್ಕೇ ‘ಕಸ’ ಎಂದು ಬರೆದೆ ಎಂದು ಇಷ್ಟು ವರ್ಷ ಹೆಂಡತಿಗೂ ಮಕ್ಕಳಿಗೂ ಹೇಳಿಕೊಂಡು ಬಂದಿದ್ದೇನೆ. ಅರ್ಜಿಯ ಮಾತನ್ನು ನಿಮಗೇ ಮೊದಲು ಹೇಳುತ್ತಿರುವುದು.